ಸೀಮೆಸುಣ್ಣದ ಗೆರೆ

ವಿದರ್ನ್‌ಸೀ ಊರಿನ ದೀಪಸ್ತಂಭ
ಕಡಲ ದಂಡೆ ಬಿಟ್ಟು ಮನೆಗಳ ನಡುವೆ ನಿಂತಿದೆ,
ವಿಳಾಸ ಕೇಳಲು ಬಂದು ಮರೆತವನ ಹಾಗೆ.
ಅದರ ಹಿಂದಿನ ಬೀದಿ, ಮೂರನೆಯ ಮನೆ,
ಸ್ಟೆಬ್ಬಿಂಗ್ ಮುದುಕನ ಸಿಕಮೋರ್ ಮರಕ್ಕೆ
ಸೆಪ್ಟೆಂಬರಿನ ಮೂಡಗಾಳಿ
ರಾತ್ರೋರಾತ್ರಿ ಏನನ್ನೋ ತಂದು ಎಸೆದಿತ್ತು.

ನಾನು ಕಂಡಿದ್ದಲ್ಲ, ಕೇಳಿದ್ದು.
ಅವನ ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಲು
ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದೆ.
ಚಿವೀ.
ಮತ್ತೆ, ಚಿವೀ.
ಒದ್ದೆ ಗಾಜಿಗೆ ಬೆರಳು ತಿಕ್ಕಿದ ಹಾಗೆ.
ತಿಪಟೂರಿನ ಶಾಲೆಯ ನಲ್ಲಿಯ ಮೇಲೆ ಹುಣಸೆಮರದಲ್ಲಿ
ಚಳಿಗಾಲವಿಡೀ ಇದೇ ಸದ್ದು.
ಏನೆಂದು ಒಮ್ಮೆಯೂ ತಲೆ ಎತ್ತಿದವಳಲ್ಲ,
ನನಗೆ ನೀರಿನ ಸರದಿ ಮುಖ್ಯ.

ಏಡಿ ದೋಣಿಯಲ್ಲಿ ನಲವತ್ತು ವರ್ಷ ಪಳಗಿದ ಕಿವಿ ಅವನದು.
ಕಣ್ಣು ಮುಚ್ಚಿ ಆಲಿಸಿ, "ಇದು ಇಲ್ಲಿಯದಲ್ಲ" ಅಂದ.
"ನೀನೂ ಇಲ್ಲಿಯವಳಲ್ಲ, ಅದಕ್ಕೇ ಮೊದಲು ನಿನಗೆ ಕೇಳಿಸಿತು."
ಅಂದು, ಕೆಮ್ಮುವವರೆಗೆ ನಕ್ಕ.

ಹಸಿರೆಂದರೆ ಹಸಿರು, ಬೂದಿಯೆಂದರೆ ಬೂದಿ,
ರೆಕ್ಕೆಗೆ ಒಂದೇ ಒಂದು ಬಿಳಿ ಗೀಟು.
ತೂಕ ಎರಡು ಚಮಚ ಸಕ್ಕರೆ.
ರಷ್ಯದ ಕಾಡಿನಿಂದ ನಮ್ಮ ಕಡೆ ಹೊರಟಿದ್ದು
ಎಡಕ್ಕೆ ಹೊರಳುವಲ್ಲಿ ಬಲಕ್ಕೆ ಹೊರಳಿತ್ತು, ಅಷ್ಟೆ.

ಮುದುಕ ಒಬ್ಬನಿಗೆ ಹೇಳಿದ. ಆ ಒಬ್ಬ ಎಂಟು ಜನಕ್ಕೆ.
ಮರುದಿನ ನಾನು ಹೋಗುವಷ್ಟರಲ್ಲಿ
ಬೀದಿ ತುಂಬ ಮುಕ್ಕಾಲಿ, ದುರ್ಬೀನು, ಥರ್ಮಾಸ್ ಫ್ಲಾಸ್ಕು,
ಎನಿಡಮ್ಮನ ಕಸದ ಡಬ್ಬಿಯ ಮೇಲೊಬ್ಬ,
ಈರುಳ್ಳಿ ಪಾತಿಯಲ್ಲಿ ಇಬ್ಬರು.
ಬಟ್ಟೆ ಒಣಹಾಕಲಾಗದೆ ಎನಿಡಮ್ಮ
ಬಾಗಿಲಲ್ಲೇ ಬಕೆಟ್ ಹಿಡಿದು ನಿಂತಿದ್ದಾಳೆ.
ಕಾರ್ಡಿಫ್‌ನಿಂದ ರಾತ್ರಿಯಿಡೀ ಕಾರು ಓಡಿಸಿ ಬಂದ ಹುಡುಗ
ಫೋನಿನಲ್ಲಿ ಅದರದೇ ಕೂಗು ಹಚ್ಚಿದ್ದ:
ಚಿವೀ, ಚಿವೀ, ಚಿವೀ.

ಹಕ್ಕಿ ಹುಳು ಬಿಟ್ಟಿತು.
ಕೊಂಬೆಯಿಂದ ಕೊಂಬೆಗೆ ರೆಕ್ಕೆ ನಡುಗಿಸುತ್ತ
ಇಲ್ಲದ ಇನ್ನೊಂದನ್ನು ಹುಡುಕತೊಡಗಿತು.
ಊಟ ಬಿಟ್ಟವರ ಓಡಾಟ ನನಗೆ ಗೊತ್ತು,
ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ಕಂಡಿದ್ದೇನೆ.
ಬಾಯಿಬಿಡಬೇಕು ಅಂದುಕೊಂಡೆ.
ಬಿಡಲಿಲ್ಲ. ಸಮವಸ್ತ್ರದಲ್ಲಿದ್ದೆ, ಪರಊರು.

ಅಷ್ಟರಲ್ಲಿ ಪೈಜಾಮದಲ್ಲೇ, ವಾಕರ್ ತಳ್ಳುತ್ತ, ಮುದುಕ.
ಕೈಯಲ್ಲಿ ಡಾರ್ಟ್ಸ್ ಆಟದ ಲೆಕ್ಕ ಬರೆಯುವ ಸೀಮೆಸುಣ್ಣ.
ಬಗ್ಗಲು ಅವನಿಂದಾಗದು,
ಗೇಟಿನಿಂದ ಚರಂಡಿಯವರೆಗೆ
ಗೆರೆ ಎಳೆದದ್ದು ನಾನು, ಮಂಡಿಯೂರಿ.
ಸೀಮೆ, ಸುಣ್ಣ. ಪರದೇಶವೂ ಎಲ್ಲೆಯೂ
ಒಂದೇ ಮಾತಿನಲ್ಲಿ ಇಷ್ಟು ವರ್ಷ ಕೂತಿದ್ದವು.
"ಇದರಾಚೆ ಯಾರೂ ಬೇಡ. ಆ ಫೋನು ಜೇಬಿಗೆ ಹೋಗಲಿ.
ಅದಕ್ಕಿನ್ನೂ ಏಳು ಸಾವಿರ ಮೈಲಿ ಇದೆ" ಅಂದ.
ಲೆಕ್ಕ ತಪ್ಪು. ಯಾರೂ ತಿದ್ದಲಿಲ್ಲ.

ಪಾತಿಯವರು ಹೊರಬಂದರು, ಬೂಟು ಒರೆಸಿಕೊಂಡರು.
ಯಾರೋ ಎನಿಡಮ್ಮನ ಹಗ್ಗದ ಇನ್ನೊಂದು ತುದಿ ಹಿಡಿದರು.
ಆಮೇಲೆ ಮುಕ್ಕಾಲು ಗಂಟೆ
ಎಲೆ, ಎಲೆಯ ಹಿಂದೆ ಎಲೆ, ಒಂದು ಅಲುಗಾಟ,
ಅದು ಗಾಳಿಯೂ ಇರಬಹುದು.
ಅರವತ್ತು ಜನ ಒಂದೇ ಉಸಿರು ಹಂಚಿಕೊಂಡ ಹಾಗೆ ಸುಮ್ಮನಿದ್ದರು.
ಕೆಲವರಿಗೆ ಕಂಡಿತು.
ಕಾರ್ಡಿಫ್ ಹುಡುಗನಿಗೆ ಕಾಣಲಿಲ್ಲ,
ಸಂಜೆ ಪಾಳಿಗೆ ಹೊರಡಬೇಕಿತ್ತು,
ಕಾರಿನ ಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿ ಹಾಕಿಕೊಂಡ.
ಅದರ ಸದ್ದಿಗೆ ನನ್ನ ಮನಸ್ಸು ಇವತ್ತಿಗೂ ಸ್ವಲ್ಪ ಕೆಡುತ್ತದೆ.

ನಾಲ್ಕನೆಯ ದಿನ ಗಾಳಿ ತಿರುಗಿತು, ಮರ ಬರಿದು.
ಎಲ್ಲಿಗೆ ಹೋಯಿತೋ, ಸರಿದಾರಿಗೋ
ಇನ್ನೂ ದೂರದ ತಪ್ಪಿಗೋ.

ಮಳೆ ಬರುತ್ತದೆಂದರು, ಬರಲಿಲ್ಲ.
ಪಕ್ಕದ ಮನೆಯ ಮಕ್ಕಳು ನನ್ನ ಗೆರೆಗೆ
ಮನೆಗಳನ್ನು ಜೋಡಿಸಿ ಕುಂಟೆಬಿಲ್ಲೆ ಆಡುತ್ತಿವೆ.
ಬೋಗುಣಿ ಹಿಡಿದು ಹೊರಗೆ ಬಂದರೆ ಮುದುಕ
ವಾಕರನ್ನು ಗೋಡೆಗೆ ಒರಗಿಸಿ
ಪಟ್ಟಿ ಕಟ್ಟಿದ ಕಾಲು ಎತ್ತಿ
ಒಂಟಿಕಾಲಿನಲ್ಲಿ ನಿಂತಿದ್ದಾನೆ.
"ನೋಡಬೇಡ" ಅನ್ನುತ್ತಾನೆ,
"ನೋಡಿದರೆ ಬಿದ್ದುಬಿಡುತ್ತೇನೆ."